ಹಾಲೇಶಪ್ಪನವರ ಕೊಡೆ

ಭದ್ರಾವತಿ ಜನ್ನಾಪುರದ ಹಾಲೇಶಪ್ಪನವರು ಉಕ್ಕಿನ ಕಾರ್ಖಾನೆಯ ಫರ್ನೇಸಿನೆದುರು ಬೆಂದು ನಿವೃತ್ತರಾದವರು. ಈಗ ಎಳೆಬಿಸಿಲಿಗೂ ಕೊಡೆ ಬಿಚ್ಚುತ್ತಾರೆ. ಎದೆಬಡಿತದ ತಾಳ ತಪ್ಪಿದ್ದಕ್ಕೆ ಅಮಿಯೊಡರೋನ್ ಗುಳಿಗೆ ಕೊಟ್ಟ ಡಾಕ್ಟರು, ಇದನ್ನು ನುಂಗಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ ಎಂದದ್ದೇ ತಡ, ಸೂರ್ಯ ಅವರಿಗೆ ದಾಯಾದಿಯಾದ. ಹಾಲಿನವನಿಗೂ ಕೈ ಚಾಚಿ, "ನಾಡಿ ಹಿಡಿದು ನೋಡು ಮಾರಾಯ, ಗುಳಿಗೆ ಇಲ್ದಿದ್ರೆ ಹಳೇ ಲೂನಾ ಥರ ಎಗರ್ತಿತ್ತು" ಎನ್ನುತ್ತಾರೆ. ಕೊಡೆಯಡಿ ಹೆಂಡತಿ ಗಿರಿಜಮ್ಮನಿಗೂ ಜಾಗವಿಲ್ಲ. "ಇದು ಹಾರ್ಟ್ ಪೇಷಂಟಿಂದು ಕಣೇ" ಎಂದು ಗದರುತ್ತಾರೆ. ಮೊನ್ನೆ ನಡುಮಧ್ಯಾಹ್ನ ಆಕೆಯೇ ಎದೆ ಹಿಡಿದುಕೊಂಡು ಕುಸಿದರು. ಶಿವಮೊಗ್ಗದ ಆಸ್ಪತ್ರೆಗೆ ಹೋಗಲು ಬೇರೆ ಗಾಡಿ ಸಿಗದೆ ಬಸ್ಸಿಗೆ ಕಾಯುತ್ತ, ಹಾಲೇಶಪ್ಪನವರು ಕೊಡೆಯನ್ನು ಪೂರ್ತಿ ಆಕೆಗೇ ಹಿಡಿದು ನಿಂತಿದ್ದರು. "ನಿಮ್ಮ ತಲೆ ಸುಡುತ್ತೆ ಕಣ್ರೀ" ಎಂದು ಗಿರಿಜಮ್ಮ ಗೊಣಗಿದರು. "ಫರ್ನೇಸ್ ಮುಂದೆ ಬೆಂದೋನಿಗೆ ಬಿಸಿಲೇನು ಮಾಡುತ್ತೆ, ಸುಮ್ನಿರೇ."