ಇರಲಿ ಮೇಷ್ಟ್ರ ಎಡಗಣ್ಣು

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ‘ಇರಲಿ ಮೇಷ್ಟ್ರು’. ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಕಲಿಯಲು ಬಂದವರು ಗೇರು ತಪ್ಪಿಸಿದರೂ ‘ಇರಲಿ’, ಕಾಂಪೌಂಡಿಗೆ ಗುದ್ದಿದರೂ ‘ಇರಲಿ’, ಹಿಂದಿನ ಗಾಡಿಯವನು ಹಾರ್ನ್ ಒತ್ತಿ ಒತ್ತಿ ಇವರ ವಂಶದ ಹಿರಿಯರನ್ನೆಲ್ಲ ನೆನೆದರೂ ‘ಇರಲಿ’. ಇವರಿಗೆ ಬಾರದ ಸಿಟ್ಟನ್ನೆಲ್ಲ ನಾನೇ ಮಾಡಿಕೊಂಡು ಬಂದಿದ್ದೇನೆ. ಡ್ರೈವಿಂಗ್ ಸ್ಕೂಲಿನ ಮುಂಗೋಣೆಯಲ್ಲಿ ಕೂತು ಫೋನು ಎತ್ತುತ್ತಿದ್ದವಳು ನಾನು, ಹೊತ್ತಿಗೆ ಸರಿಯಾಗಿ ಬಾರದವರಿಗೆ ಮಂಗಳಾರತಿ ಎತ್ತುತ್ತಿದ್ದವಳೂ ನಾನೇ. ಸ್ಕೂಲು ಅಂದರೆ ದೊಡ್ಡದೇನಲ್ಲ. ಗೋಡೆಯ ಮೇಲೆ ರಸ್ತೆಯ ಗುರುತುಗಳ ಪಟ, ಒಂದೆರಡು ಪ್ಲಾಸ್ಟಿಕ್ ಕುರ್ಚಿ, ಹೊರಗೆ ನಮ್ಮ ಹಳೆಯ ಕಾರು. ಆ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಬ್ರೇಕು, ಕ್ಲಚ್ಚು ಇವೆ. ನಮ್ಮ ಅನ್ನ ಬರುತ್ತಿದ್ದದ್ದು ಅದರಿಂದಲೇ.

ಹುಟ್ಟಿದಾಗಿನಿಂದ ಹೀಗೇ ಇದ್ದರು ಅಂದುಕೊಳ್ಳಬೇಡಿ. ನಾನು ಕಟ್ಟಿಕೊಂಡಾಗ ಈ ಮನುಷ್ಯ ಮಾತೆತ್ತಿದರೆ ಸಿಡಿಯುತ್ತಿದ್ದರು. ಕಲಿಯುವವರು ಅಳುತ್ತಾ ಇಳಿದುಹೋಗುತ್ತಿದ್ದರು. ಮನೆಗೆ ಬಂದ ಮೇಲೂ ಸಿಗ್ನಲ್ಲಿನಲ್ಲಿ ಅಡ್ಡ ಬಂದ ಯಾರನ್ನೋ ಬೈಯುತ್ತಲೇ ಊಟ ಮಾಡುತ್ತಿದ್ದರು, ರಾತ್ರಿಯಿಡೀ ಹೊರಳಾಡುತ್ತಿದ್ದರು. ಆಮೇಲೆ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಮೇಡಂ ಒಬ್ಬರು ಕಾರು ಕಲಿಯಲು ಬಂದರು. ಪರೀಕ್ಷೆಯಲ್ಲಿ ಆಕೆ ಮತ್ತೆ ಮತ್ತೆ ಫೇಲಾದರು. ಫೇಲಾದಾಗಲೆಲ್ಲ ನಗುತ್ತಲೇ ಇಳಿಯುತ್ತಿದ್ದರಂತೆ. ಇವರಿಗೆ ಆಶ್ಚರ್ಯವಾಗಿ ಕೇಳಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದೆ ಸ್ಟೋಯಿಕರು ಅಂತ ಒಂದು ಪಂಗಡ ಇತ್ತಂತೆ, ಅದರಲ್ಲಿ ಗುಲಾಮನಾಗಿದ್ದವನೂ ಇದ್ದ, ಚಕ್ರವರ್ತಿಯೂ ಇದ್ದ, ಇಬ್ಬರೂ ಹೇಳಿದ್ದು ಹೆಚ್ಚು ಕಡಿಮೆ ಒಂದೇ ಎಂದು ಆಕೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಾಠ ಮಾಡಿದರು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು, ಮೊದಲು ಬೇರೆ ಮಾಡಿಕೋ. ಇರುವುದನ್ನು ನೆಟ್ಟಗೆ ಮಾಡು, ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಇಷ್ಟೇ.

ಆ ಇಷ್ಟನ್ನು ಈ ಪುಣ್ಯಾತ್ಮ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಬೆಳಿಗ್ಗೆ ಕಾರಿನೊಳಗೆ ಕೂತು ಕಣ್ಣು ಮುಚ್ಚಿ, ಇವತ್ತು ಏನೇನು ಕೆಡಬಹುದು ಎಂದು ಮನಸ್ಸಿನಲ್ಲೇ ಒಂದು ಸುತ್ತು ಹಾಕುತ್ತಿದ್ದರು. ‘ಒಬ್ಬ ಬೈತಾನೆ, ಒಬ್ಬಳು ಬ್ರೇಕ್ ಅಂತ ಆಕ್ಸಿಲರೇಟರ್ ತುಳೀತಾಳೆ, ಮಧ್ಯಾಹ್ನ ಟೈರು ಪಂಕ್ಚರ್ ಆಗುತ್ತೆ. ಆಯ್ತು, ಬರಲಿ.’ ಸಂಜೆ ಬಚ್ಚಲಲ್ಲಿ ಕೈಕಾಲು ತೊಳೆಯುತ್ತಾ ತಮ್ಮನ್ನು ತಾವೇ ವಿಚಾರಣೆ ಮಾಡಿಕೊಳ್ಳುತ್ತಿದ್ದರು. ಇವತ್ತು ಎಲ್ಲಿ ಎಡವಿದೆ, ನಾಳೆ ಏನು ಸರಿಮಾಡಬೇಕು ಎಂದು ಗೊಣಗುವುದು ಹೊರಗಿನವರೆಗೂ ಕೇಳುತ್ತಿತ್ತು. ಶುರುವಿನಲ್ಲಿ ಒಳಗೆ ಇನ್ನೊಬ್ಬರು ಇದ್ದಾರೇನೋ ಎಂದು ನಾನು ಬಾಗಿಲು ಬಡಿದಿದ್ದೆ. ಆಮೇಲೆ ದಿಂಬಿಗೆ ತಲೆಯಿಟ್ಟರೆ ಸಾಕು, ಗೊರಕೆ. ಪಕ್ಕದಲ್ಲಿ ನಾನು ಬಾಡಿಗೆಯ ಚಿಂತೆ, ವಿಮೆಯ ಚಿಂತೆ ಎಲ್ಲವನ್ನೂ ಒಬ್ಬಳೇ ಮಾಡಬೇಕಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೂ ಸುಳ್ಳು ಹೇಳಬಾರದು. ಹೆದರಿ ನಡುಗುವವರು ಇವರ ಹತ್ತಿರ ಕಲಿತಷ್ಟು ಬೇಗ ಬೇರೆ ಯಾರ ಹತ್ತಿರವೂ ಕಲಿಯುತ್ತಿರಲಿಲ್ಲ. ‘ಮುಂದಿನ ಗಾಡಿ ನಮ್ಮದಲ್ಲಮ್ಮ, ಹಿಂದಿನ ಹಾರ್ನೂ ನಮ್ಮದಲ್ಲ. ಸ್ಟೀರಿಂಗ್ ಒಂದು ನಮ್ಮದು, ಅದನ್ನ ನೋಡ್ಕೊಳ್ಳೋಣ’ ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ಮೂಲೆ ಹಿಡಿದಿದ್ದ ಹೆಂಗಸೊಬ್ಬಳು ಈ ಮಾತು ಕೇಳಿಕೊಂಡೇ ಕಾರು ಕಲಿತು, ಈಗ ಶಾಲೆಯ ವ್ಯಾನು ಓಡಿಸುತ್ತಾಳೆ. ದಾರಿಯಲ್ಲಿ ಸಿಕ್ಕರೆ ನನ್ನ ಕೈ ಹಿಡಿದು ‘ಅಕ್ಕಾ, ನಿಮ್ಮ ಯಜಮಾನ್ರು ದೇವರಂಥವರು’ ಎನ್ನುತ್ತಾಳೆ. ಅಂಥವರ ಜೊತೆ ಸಂಸಾರ ಮಾಡಿ ನೋಡು ತಾಯಿ ಎಂದು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಹೋದ ವರ್ಷ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಟೀ ಲೋಟ ಹಿಡಿದುಕೊಂಡು ಇವರ ಎಡಗಡೆ ನಿಂತಿದ್ದೆ. ಮೊಣಕೈ ತಗಲುವಷ್ಟು ಹತ್ತಿರ. ಇವರು ಬಾಗಿಲ ಕಡೆ ತಿರುಗಿ ‘ಲೇ, ಟೀ ಆಯ್ತಾ?’ ಎಂದು ಕೂಗಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಲೋಟವನ್ನು ಎಡಗಣ್ಣಿನ ಬದಿಯಲ್ಲಿ ಆಡಿಸಿದೆ. ಕಣ್ಣು ಮಿಟುಕಿಸಲಿಲ್ಲ. ಲೋಟ ಕೆಳಗಿಟ್ಟೆ.

‘ರೀ, ಈ ಕಡೆ ಕಾಣ್ಸಲ್ವಾ?’

‘ಬೆಳಿಗ್ಗೆಯಿಂದ ಪರದೆ ಇಳಿಬಿಟ್ಟ ಹಾಗಿದೆ’ ಎಂದರು, ಹೊರಗೆ ಮೋಡ ಕವಿದಿದೆ ಎನ್ನುವ ಧ್ವನಿಯಲ್ಲಿ. ಎರಡು ವಾರದಿಂದ ಆ ಕಣ್ಣಿನಲ್ಲಿ ಕಪ್ಪು ಚುಕ್ಕೆಗಳು ತೇಲುತ್ತಿದ್ದವಂತೆ, ಮಿಂಚು ಹೊಡೆದಂತೆ ಆಗುತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರ ಕೇಳಿ: ‘ಶರೀರ ನಮ್ಮ ಕೈಲಿಲ್ಲ. ಗೊಣಗದೆ ಇರೋದಷ್ಟೇ ನಮ್ಮ ಕೈಲಿರೋದು.’

ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ನಾನು ಬಾಯಿ ಮುಚ್ಚಲಿಲ್ಲ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆ ಹರಿದು ಕಳಚಿಕೊಂಡಿದೆ, ಈಗಲೇ ಆಪರೇಷನ್ ಆಗಬೇಕು ಎಂದರು. ‘ಮಿಂಚು ಕಾಣ್ತು ಅಂದಾಗಲೇ ಬಂದಿದ್ರೆ ಲೇಸರ್ ಹಾಕಿ ಮನೆಗೆ ಕಳಿಸ್ತಿದ್ದೆ’ ಎಂದೂ ಹೇಳಿದರು. ನನ್ನ ಪಿತ್ತ ನೆತ್ತಿಗೇರಿತು. ಡಾಕ್ಟರ ಎದುರಿಗೇ ಕೇಳಿದೆ.

‘ಕಣ್ಣು ನಿಮ್ಮ ಕೈಲಿರ್ಲಿಲ್ಲ, ಒಪ್ಪಿದೆ. ನನ್ನ ಹತ್ರ ಹೇಳೋದು ಯಾರ ಕೈಲಿತ್ತು? ಆ ಗುಲಾಮನ ಕೈಲಾ, ಚಕ್ರವರ್ತಿ ಕೈಲಾ?’

ಇವರು ತಲೆ ತಗ್ಗಿಸಿ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದರು. ಇಷ್ಟು ವರ್ಷದಲ್ಲಿ ಇವರ ಜೊತೆಯ ವಾದದಲ್ಲಿ ನನ್ನ ಕೈ ಮೇಲಾದದ್ದು ಅದೇ ಮೊದಲು. ಗೆದ್ದೆ ಎಂಬ ಖುಷಿ ಮಾತ್ರ ಆಗಲಿಲ್ಲ.

ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದರು. ಅದು ಪರದೆಯನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಹಾಗೆ ಹಿಡಿಯಬೇಕಾದರೆ ಇವರು ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟಕ್ಕೂ ತಲೆ ಎತ್ತುವಂತಿಲ್ಲ, ಮಾತಾಡಿಸಲು ಬಂದವರ ಮುಖವನ್ನೂ ನೋಡುವಂತಿಲ್ಲ. ನನ್ನ ತಮ್ಮ ಪೀಠೋಪಕರಣ ಮಾಡುವವನು. ಮಂಚದ ತಲೆಯ ಕಡೆಯ ಹಲಗೆಗೆ ಮುಖದಗಲದ ತೂತು ಕೊರೆದು, ಅಂಚಿಗೆಲ್ಲ ಸ್ಪಂಜು ಹೊಡೆದು ಕೊಟ್ಟ. ಇವರು ಆ ತೂತಿನಲ್ಲಿ ಮುಖವಿಟ್ಟು ಬೋರಲಾಗಿ ಮಲಗಿದರು. ಟೀ ಸ್ಟ್ರಾದಲ್ಲಿ, ಸಾರೂ ಸ್ಟ್ರಾದಲ್ಲಿ. ಸ್ಕೂಲಿಗೆ ಬೀಗ ಬಿತ್ತು. ಫೋನು ಮಾಡಿದವರಿಗೆಲ್ಲ ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಿದ್ದೆ. ಕಣ್ಣು ಬಂದರೆ ಇವರು ಮತ್ತೆ ಕಾರು ಹತ್ತುತ್ತಾರೆ, ಬಾರದಿದ್ದರೆ ಇವರ ಈ ಕೆಲಸ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ನಾನು ಹತ್ತು ಸಲ ಎತ್ತಿದರೆ ಇವರು ಒಂದು ಸಲ ‘ನೋಡೋಣ’ ಅನ್ನುತ್ತಿದ್ದರು.

ಬೆನ್ನಿನ ಜೊತೆ ಎಷ್ಟು ಅಂತ ಮಾತಾಡುವುದು? ಬೇಸತ್ತು, ಒಂದು ಮಧ್ಯಾಹ್ನ ಚಾಪೆ ಎಳೆದುಕೊಂಡು ಮಂಚದ ಕೆಳಗೆ ತೂರಿ, ಅಂಗಾತ ಮಲಗಿದೆ. ಮೇಲೆ ತೂತಿನಲ್ಲಿ ಇವರ ಮುಖ. ಕೆನ್ನೆ ಜೋತು, ಮೂಗು ಕೆಂಪಗಾಗಿ, ಅಯ್ಯೋ ಪಾಪ, ನೋಡಲಾಗದು. ನನಗೆ ನಗು ತಡೆಯಲಿಲ್ಲ.

‘ಏನೇ ಇದು, ಗ್ಯಾರೇಜಿನವನ ಹಾಗೆ ಕೆಳಗೆ ತೂರಿದ್ದೀಯಾ?’ ಎಂದು ಇವರೂ ನಕ್ಕರು.

‘ಎಲ್ಲಿ ಕೆಟ್ಟಿದೆ ಅಂತ ನೋಡ್ತಾ ಇದ್ದೀನಿ. ಸುಮ್ನೆ ಇರಿ.’

ಅಂದಿನಿಂದ ಮಧ್ಯಾಹ್ನಗಳೆಲ್ಲ ಹಾಗೇ ಕಳೆದವು. ಬೀದಿಯ ಸುದ್ದಿ, ನನ್ನ ಜಗಳಗಳು ಎಲ್ಲ ಒಪ್ಪಿಸುತ್ತಿದ್ದೆ. ಮದುವೆಯಾದ ಮೇಲೆ ಇವರ ಮುಖವನ್ನು ಅಷ್ಟು ಹೊತ್ತು ನಾನು ನೋಡಿದ್ದೇ ಇಲ್ಲ. ಒಂದು ದಿನ ಕೇಳಿದೆ, ‘ನಿಜ ಹೇಳಿ, ಹೆದರಿಕೆ ಆಗಲ್ವಾ?’

‘ಮುಖ ಕೆಳಗೆ ಇಟ್ಕೊಳ್ಳೋದು ನನ್ನ ಕೆಲಸ. ಅದನ್ನ ಮಾಡ್ತಾ ಇದ್ದೀನಿ’ ಎಂದರು. ಸ್ವಲ್ಪ ಹೊತ್ತಿಗೆ ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಕೆನ್ನೆಯ ಮೇಲೊಂದು.

‘ಏನ್ರೀ ಇದು?’

‘ಕಣ್ಣಿಗೆ ಬಿಟ್ಟ ಔಷಧಿ’ ಎಂದರು.

ಔಷಧಿ ಬಿಡುವವಳು ನಾನು. ಬಿಟ್ಟದ್ದು ಬೆಳಿಗ್ಗೆ, ಅದೂ ಎಡಗಣ್ಣಿಗೆ. ಹನಿ ಬಿದ್ದದ್ದು ಎರಡೂ ಕಣ್ಣಿಂದ. ಇಷ್ಟು ವರ್ಷ ಈ ಮನುಷ್ಯನಿಗೆ ಏನೂ ತಟ್ಟುವುದಿಲ್ಲ, ಕಲ್ಲು ಎಂದು ಕಂಡಕಂಡವರ ಹತ್ತಿರ ದೂರಿದ್ದೆನಲ್ಲ. ತಟ್ಟಿದ್ದನ್ನೆಲ್ಲ ಒಳಗೇ ಇಟ್ಟುಕೊಂಡು ನಗುತ್ತಿದ್ದರು, ಅಷ್ಟೇ. ‘ಇರಲಿ, ಔಷಧಿ ಜಾಸ್ತಿ ಬಿಟ್ಟಿದ್ದೀನಿ’ ಎಂದು ಸೆರಗಿನಿಂದ ನನ್ನ ಮುಖ ಒರೆಸಿಕೊಂಡೆ.

ಮುಖ ಎತ್ತಬಹುದು ಎಂದ ಮೇಲೂ ಗುಳ್ಳೆ ಕರಗುವವರೆಗೆ ಕಾಯಬೇಕಾಯಿತು. ಕೊನೆಯ ತಪಾಸಣೆಗೆ ಹೋದ ದಿನ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಡಾಕ್ಟರು ಬಲಗಣ್ಣು ಮುಚ್ಚಿಸಿ ಅಕ್ಷರದ ಹಲಗೆ ತೋರಿಸಿದರು. ಇವರು ಹಲಗೆಯನ್ನೇ ಹುಡುಕುತ್ತಿದ್ದರು. ಆಮೇಲೆ ಡಾಕ್ಟರು ತಮ್ಮ ಕೈಯನ್ನೇ ಮುಂದೆ ಆಡಿಸಿದರು. ‘ಏನೋ ಅಲ್ಲಾಡ್ತಿದೆ’ ಎಂದರು ಇವರು.

‘ಇದಕ್ಕಿಂತ ಜಾಸ್ತಿ ಬರುತ್ತೆ ಅಂತ ನಾನು ಹೇಳಲಾರೆ’ ಎಂದರು ಡಾಕ್ಟರು. ‘ಬಲಗಣ್ಣು ಚೆನ್ನಾಗಿದೆ, ಓಡಾಟಕ್ಕೆ ತೊಂದರೆ ಇಲ್ಲ. ಆದರೆ ರಸ್ತೇಲಿ ಕಲಿಸೋ ಕೆಲಸ ಬೇಡ ಮೇಷ್ಟ್ರೇ.’

ಇವರು ತಲೆಯಾಡಿಸಿದರು, ನೀವು ತುಂಬ ಕಷ್ಟಪಟ್ಟಿರಿ ಎಂದು ಡಾಕ್ಟರಿಗೇ ಸಮಾಧಾನ ಹೇಳಿ ನೆಟ್ಟಗೆ ನಡೆದು ಹೊರಬಂದರು. ನಾನು ಚೀಲ ಎತ್ತಿಕೊಂಡು ಹಿಂದೆ ನಡೆದೆ. ಮನೆಗೆ ಹೋಗಿ ಮತ್ತೆ ಬಚ್ಚಲ ಬಾಗಿಲು ಹಾಕಿಕೊಂಡು ಒಬ್ಬರೇ ಗೊಣಗಿಕೊಳ್ಳುತ್ತಾರೆ, ನಾನು ಹೊರಗೆ ನಿಂತಿರಬೇಕು ಅಂದುಕೊಂಡೆ.

ಮೆಟ್ಟಿಲು ಅರ್ಧ ಇಳಿದಿದ್ದೆವು. ಇವರು ನಿಂತುಬಿಟ್ಟರು.

‘ಲೇ.’

‘ಏನ್ರೀ?’

‘ಮುಂದಕ್ಕೆ ಹೋಗೋಕೆ ಆಗ್ತಿಲ್ಲ ಕಣೇ. ತುಂಬ ಹೆದರಿಕೆ ಆಗ್ತಿದೆ. ಒಂಚೂರು ಕೂತ್ಕೊಳ್ಳೋಣ್ವಾ?’

ಅಷ್ಟೂ ಜನ ಹತ್ತಿ ಇಳಿಯುವ ಮೆಟ್ಟಿಲ ಮೇಲೆಯೇ ಕೂತೆವು. ನಾನು ಇವರ ಬಲಗಡೆ ಕೂತೆ, ನಾನು ಕಾಣಲಿ ಎಂದು. ಯಾರೋ ಒಬ್ಬ ‘ದಾರಿ ಬಿಡಿ, ಇಲ್ಲೇ ಕೂರ್ಬೇಕಾ?’ ಎಂದ. ‘ಆ ಕಡೆ ಅಷ್ಟಗಲ ಜಾಗ ಇದೆ, ಹೋಗ್ರೀ’ ಎಂದು ಗದರಿದೆ. ಇವರು ಅಳುತ್ತಲೇ ನಕ್ಕರು. ಹೆದರಿಕೆ ಏನೇನು ಎಂದು ಒಂದೊಂದಾಗಿ ಹೇಳತೊಡಗಿದರು. ನಾನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದೆ.