ಭಜನೆಯ ಮೈಕಿನಲ್ಲಿ ಅಪ್ಪನಿಗೆ ಹೇಳಿದ್ದು

ಅಣ್ಣ ಹೋದ ಸುದ್ದಿ ನನಗೆ ಬಂದದ್ದು ರೈಲಿನಲ್ಲಿ. ಕೆಜಿಎಫ್‌ನಿಂದ ಬೆಂಗಳೂರಿಗೆ ದಿನವೂ ಹೋಗಿಬರುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಅಲ್ಲೊಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಟೇಕಲ್ ದಾಟಿದ ಮೇಲೆ ಅತ್ತಿಗೆಯ ಫೋನ್ ಬಂತು. ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಪಕ್ಕದ ಮನೆಯವರು ಫೋನ್ ಇಸಕೊಂಡು ಹೇಳಿದರು. ಅಣ್ಣ ಬೆಳಿಗ್ಗೆ ಆಂಡರ್ಸನ್‌ಪೇಟೆಯ ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿ, ಟೀ ಅಂಗಡಿಯ ಬೆಂಚಿನ ಮೇಲೆ ಕೂತವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಈ ಬಿಸಿಲಲ್ಲಿ ಇಟ್ಟುಕೊಳ್ಳುವುದು ಕಷ್ಟ, ಮಧ್ಯಾಹ್ನವೇ ಮಣ್ಣು ಮಾಡಬೇಕು, ಬರುವಾಗ ಬಂಗಾರಪೇಟೆಯಿಂದ ಅಪ್ಪನನ್ನು ಕರೆದುಕೊಂಡು ಬಾ ಎಂದರು.

ಮಾಲೂರಿನಲ್ಲಿ ಇಳಿದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನಾನು ಅಣ್ಣನಿಗಾಗಿ ಅಳಲಿಲ್ಲ. ಅಪ್ಪನಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು.

ಅಪ್ಪ ಬಹಳ ವರ್ಷ ಚಿನ್ನದ ಗಣಿಯ ಕೆಳಗೆ ಬಂಡೆ ಕೊರೆಯುವ ಮಿಷನ್ ಹಿಡಿದವನು. ಗಣಿ ಮುಚ್ಚುವ ಹೊತ್ತಿಗೇ ಅವನೊಂದಿಗೆ ಕೂಗಿ ಮಾತಾಡುವುದು ನಮಗೆ ರೂಢಿಯಾಗಿತ್ತು. ವಯಸ್ಸಾಗುತ್ತಾ ಅದೂ ಸಾಲದಾಯಿತು. ಗಣಿಯವರ ಸಾಲುಮನೆಗಳ ನಂದಿದುರ್ಗ ಲೈನಿನ ನಮ್ಮ ಮನೆಯಲ್ಲಿ ಒಂದು ದಿನ ಅನ್ನದ ಕುಕ್ಕರ್ ಕೂಗಿ ಕೂಗಿ, ಸೀದು, ಕಿಟಕಿಯಿಂದ ಹೊಗೆ ಬರತೊಡಗಿದಾಗ ಅಕ್ಕಪಕ್ಕದವರು ಬಾಗಿಲು ಬಡಿದರಂತೆ. ಅವನು ಒಳಗೆ ಗೋಡೆಗೆ ಮುಖ ಮಾಡಿ ಮಲಗೇ ಇದ್ದ. ನಾನು ರೈಲಿನಲ್ಲಿ, ಅಣ್ಣ ರೋಡಿನಲ್ಲಿ, ಅತ್ತಿಗೆ ಗಾರ್ಮೆಂಟ್ಸಿನಲ್ಲಿ. ಬೇರೆ ದಾರಿ ಕಾಣದೆ ಬಂಗಾರಪೇಟೆಯ ವೃದ್ಧಾಶ್ರಮಕ್ಕೆ ಸೇರಿಸಿದೆವು. ಸ್ಟೇಷನ್ನಿಗೆ ಹತ್ತಿರ, ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ, ಅಣ್ಣ ಬಾಡಿಗೆ ಆ ಕಡೆ ಸಿಕ್ಕಾಗಲೆಲ್ಲ ಹೋಗುತ್ತಿದ್ದ. ಕಿವಿಗೆ ಮಿಷನ್ನನ್ನೂ ಕೊಡಿಸಿದ್ದೆವು. ಅದನ್ನು ಹಾಕಿಕೊಂಡರೆ ಬರೀ ಗಲಾಟೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ ಎಂದು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿರುತ್ತಿದ್ದ.

ನಾನು ಹೋದಾಗ ಅಪ್ಪ ಮಂಚದ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ವಾರದ ನಡುವೆ ನನ್ನನ್ನು ಕಂಡು ಮುಖ ಅರಳಿತು. ಕಿವಿಯ ಹತ್ತಿರ ಬಾಯಿಟ್ಟು, ಅಣ್ಣ ತೀರಿಕೊಂಡ ಎಂದು ಕೂಗಿದೆ. ಅವನು ತಲೆಯಾಡಿಸಿ, ನನಗೂ ಒಂದು ಹಣ್ಣು ಕೊಟ್ಟ. ಜೇಬಿನಿಂದ ಮಿಷನ್ ತೆಗೆದು ಕಿವಿಗೆ ಹಾಕಿದೆ. ಅದು ಕುಯ್ಯೆಂದು ಕೂಗಿತು, ಕಿತ್ತು ಹಾಸಿಗೆಯ ಮೇಲೆ ಎಸೆದ. ಬರೆದು ತೋರಿಸೋಣವೆಂದರೆ ಅಪ್ಪನಿಗೆ ಓದು ಬಾರದು. ಮೊಬೈಲಿನಲ್ಲಿದ್ದ ಅಣ್ಣನ ಫೋಟೊ ತೋರಿಸಿ ಕೈಯಲ್ಲಿ ಇಲ್ಲ ಎಂದು ಸನ್ನೆ ಮಾಡಿದೆ. ಇವತ್ತು ಬರುವುದಿಲ್ಲವಾ, ಹೋಗಲಿ ಬಿಡು, ಬಾಡಿಗೆ ಇರುತ್ತೆ ಎಂದ. ಮಲಗಿಸಿರುವ ಅಣ್ಣನ ಫೋಟೊ ಕಳಿಸಿ ಎಂದು ಊರಿನವರಿಗೆ ಫೋನ್ ಮಾಡಬಹುದಿತ್ತು. ಮಗನ ಸಾವನ್ನು ಮೊದಲ ಸಲ ಮೊಬೈಲಿನಲ್ಲಿ ನೋಡಲಿ ಎಂದು ಕೇಳಲು ನನ್ನಿಂದಾಗಲಿಲ್ಲ.

ಕೊನೆಗೆ ಕೈಯನ್ನು ಮೇಲಕ್ಕೆ ತೋರಿಸಿದೆ. ಅದೇ ತಪ್ಪಾಯಿತು. ಹಿಂದಿನ ವಾರ ಅವನನ್ನು ಮೇಲಂತಸ್ತಿನ ಕೋಣೆಗೆ ಬದಲಾಯಿಸುವ ಮಾತು ಬಂದಿತ್ತಂತೆ, ಅವನು ಒಪ್ಪಿರಲಿಲ್ಲ. ನಾನು ಅವನ ಪಂಚೆ, ಟವೆಲ್ಲು ಚೀಲಕ್ಕೆ ತುಂಬುವುದನ್ನು ನೋಡಿ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನ್ ಮೇಲಕ್ ಓಗಲ್ಲ ಕಣಮ್ಮ. ಇಲ್ಲೇ ಇರ್ತೀನಿ ಅಂತ ಏಳಿವ್ನಿ."

ಎಳೆದರೂ ಬಿಡಲಿಲ್ಲ. ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹೊರಟಿರಾ, ಎಲ್ಲಿದ್ದೀರಾ, ಗುಂಡಿ ತೋಡುತ್ತಿದ್ದಾರೆ. ಅಪ್ಪನನ್ನು ನಾಲ್ಕು ಜನ ಹೊತ್ತು ಆಟೋಗೆ ಹಾಕಬಹುದಿತ್ತು. ಏನೂ ತಿಳಿಯದೆ ಮಗನ ಹೆಣದ ಮುಂದೆ ಇಳಿಯುವ ಅವನನ್ನು ನೆನೆದು ಎಳೆಯುವುದನ್ನು ಬಿಟ್ಟೆ.

ಆಶ್ರಮ ನೋಡಿಕೊಳ್ಳುವ ವಾರ್ಡನ್ ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದರು. ಹಾಲಿನಲ್ಲಿ ಮೈಕ್ ಇದೆ, ಅದರಲ್ಲಿ ಹೇಳಿ ನೋಡಿ ಎಂದರು. ಯಾರೋ ದಾನ ಕೊಟ್ಟ ಮೈಕ್ ಸೆಟ್ಟು ಅದು. ಸಂಜೆ ಭಜನೆಗೆ, ಊಟಕ್ಕೆ ಕರೆಯಲು ಬಳಸುತ್ತಿದ್ದರು. ಭಜನೆಯ ಹೊತ್ತಿನಲ್ಲಿ ಅಪ್ಪ ಸ್ಪೀಕರ್ ಬಾಕ್ಸಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಅದರ ಮೇಲೆ ಅಂಗೈ ಊರಿ ಕೂರುತ್ತಾನಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಭಜನೆ ಎಂದು ಕೈತಟ್ಟಿ ತೋರಿಸಿದ ಮೇಲೆ ಅಪ್ಪ ಎದ್ದು ಬಂದು, ಬಾಕ್ಸಿನ ಮೇಲೆ ಅಂಗೈ ಊರಿ ಕೂತ. ವಾರ್ಡನ್ ಮೈಕನ್ನು ತಟ್ಟಿ ನೋಡಿದರು. ಆ ಸದ್ದು ಕೋಣೆ ಕೋಣೆಗೂ ಹೋಗಿ, ಏನೋ ಹೇಳುತ್ತಾರೆಂದು ಎಲ್ಲರೂ ಒಬ್ಬೊಬ್ಬರಾಗಿ ಗೋಡೆ ಹಿಡಿದು, ವಾಕರ್ ನೂಕಿಕೊಂಡು ಬರತೊಡಗಿದರು. ಇದು ಅವರ ಮನೆಯ ವಿಷಯ, ಹೋಗಿ ಎಂದು ವಾರ್ಡನ್ ಹೇಳಿದರು. ಅಷ್ಟು ಕಷ್ಟಪಟ್ಟು ಬಂದವರು ತಿರುಗಿ ಹೋಗುವುದು ಸುಲಭವಿರಲಿಲ್ಲ. ಕುರ್ಚಿಗಳಲ್ಲಿ ಕೂತುಬಿಟ್ಟರು. ಕಾಯಲು ನನಗೆ ಹೊತ್ತಿರಲಿಲ್ಲ.

"ಅಪ್ಪಾ, ಅಣ್ಣ ಸತ್ತೋದ."

ಹಾಲಿನಲ್ಲಿ, ಅಂಗಳದಲ್ಲಿ, ಮೇಲಂತಸ್ತಿನಲ್ಲಿ ನನ್ನ ದನಿ ಕೇಳಿಸಿತು. ಅಪ್ಪ ಬಾಕ್ಸಿನ ಕಡೆಗೆ ಕಿವಿ ತಿರುಗಿಸಿದ. ಅವನಿಗೆ ಏನೋ ಕೇಳಿಸಿತ್ತು. ಕಣ್ಣು ದೊಡ್ಡದು ಮಾಡಿ ನಕ್ಕ.

"ಅತ್ತೋದ್ನಾ? ಒಂದ್ ಮಾತೂ ಏಳ್ದೆ ರೈಲ್ ಅತ್ತೋದ್ನಾ? ಆಟೋ ಯಾರ್ಗ್ ಕೊಟ್ಟ?"

ನಮ್ಮ ಕಡೆ ಹತ್ತಿ ಹೋದ ಎನ್ನುವುದಕ್ಕೆ ಅತ್ತೋದ ಎನ್ನುತ್ತೇವೆ. ಅಣ್ಣ ಬಹಳ ದಿನದಿಂದ ಆಟೋ ಬಿಟ್ಟು ನನ್ನ ಹಾಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಿದ್ದ. ಅಪ್ಪ ಅದನ್ನೇ ನಂಬಿಬಿಟ್ಟ. ಇನ್ನೂ ಜೋರಾಗಿ ಹೇಳಿದೆ, ಮತ್ತೆ ಹೇಳಿದೆ. ಪ್ರತಿ ಸಲವೂ ಅವನಿಗೆ ಮಗ ರೈಲೇ ಹತ್ತಿದ. ವಾರ್ಡನ್ ಸ್ಪೀಕರಿನ ದನಿ ಏರಿಸಿದರು. ಮೈಕ್ ಕೀರಲು ಕೂಗಿಕೊಂಡಿತು, ಮುದುಕಿಯರು ಕಿವಿ ಮುಚ್ಚಿಕೊಂಡರು. ತೀರಿಕೊಂಡ ಎಂದೆ. ಅದು ಇನ್ನೇನೋ ಆಗಿ ಕೇಳಿಸಿತು. ಅಷ್ಟರಲ್ಲಿ ಕೂತವರಿಗೆಲ್ಲ ತಿಳಿದಿತ್ತು. ಮುಂದಿನ ಕುರ್ಚಿಯ ಅಜ್ಜಿಯೊಬ್ಬರು ಪಾವಂ, ಪಾವಂ ಎಂದು ತಮಿಳಿನಲ್ಲಿ ಮರುಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಅವರನ್ನು ನೋಡಿದ, ಇವರನ್ನು ನೋಡಿದ. ನಗು ಹೋಯಿತು. ಯಾಕೆ ಅಳುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಅವರು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಇಡೀ ಹಾಲಿಗೆ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ನಾನು ಮೈಕ್ ಹಿಡಿದು ನಿಂತೇ ಇದ್ದೆ. ಸತ್ತೋದ ಎನ್ನುವುದರಲ್ಲಿ ಮೊದಲ ಅಕ್ಷರದ ಸಕಾರವಷ್ಟೇ ಅವನಿಗೆ ತಲುಪುತ್ತಿಲ್ಲ ಎಂದು ಆಗ ಹೊಳೆಯಿತು. ಮಿಕ್ಕದ್ದೆಲ್ಲ ತಲುಪುತ್ತಿದೆ. ಹಾಗಾದರೆ ಆ ಅಕ್ಷರವಿಲ್ಲದ ಮಾತು ಬೇಕು. ಅಣ್ಣ ಅಲ್ಲಿ ಮಲಗಿರುವಾಗ ನಾನು ಮಕ್ಕಳಿಗೆ ಉಕ್ತಲೇಖನ ಕೊಡುವವಳಂತೆ ಪದ ಹುಡುಕುತ್ತಿದ್ದೆ. ಮೈಕನ್ನು ಬಾಯಿಗೆ ಹತ್ತಿರ ತಂದು, ದನಿ ತಗ್ಗಿಸಿ, ನಿಧಾನವಾಗಿ ಹೇಳಿದೆ.

"ಅಪ್ಪಾ. ನಿನ್ ಮಗನ್ ಮಣ್ಣಿಗ್ ಬಾ."

ಅವನು ಬಾಕ್ಸಿನ ಮೇಲಿಂದ ಕೈ ತೆಗೆದ.

"ಮಣ್ಣಿಗಾ?"

"ಊಂ. ಮಣ್ಣಿಗೆ."

"ಯಾರ್ ಮಗನ್ ಮಣ್ಣಿಗೆ?"

"ನಿನ್ ಮಗನ್ ಮಣ್ಣಿಗೆ ಕಣಪ್ಪ."

ಇನ್ನೇನೂ ಕೇಳಲಿಲ್ಲ. ಎದ್ದು ನಿಂತು, ಮೈಮೇಲಿದ್ದ ಬನಿಯನ್ ಮುಟ್ಟಿ ನೋಡಿಕೊಂಡು, ಅಂಗಿ ಎಲ್ಲಿ ಎಂದ. ವಾರ್ಡನ್ ಓಡಿಹೋಗಿ ತಂದರು. ಅಂಗಿಯ ಗುಂಡಿ ನಾನು ಹಾಕಿದೆ. ಮೈಕ್ ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಹಾಲಿನವರ ಅಳು ನಾವು ಗೇಟು ದಾಟುವ ತನಕ ಸ್ಪೀಕರಿನಲ್ಲಿ ಬರುತ್ತಲೇ ಇತ್ತು.

ನಂದಿದುರ್ಗ ಲೈನು ತಲುಪುವಾಗ ಎಲ್ಲರೂ ನಮಗಾಗಿ ಕಾಯುತ್ತಿದ್ದರು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬಿಸಿಗಾಳಿ ದೂಳು ಹೊತ್ತು ತರುತ್ತಿತ್ತು. ಅಪ್ಪ ಅಣ್ಣನ ತಲೆಯ ಹತ್ತಿರ ಕೂತು, ಬಂದವರನ್ನೆಲ್ಲ ಒಂದೇ ಮಾತು ಕೇಳಿದ. ತನ್ನ ದನಿ ತನಗೇ ಕೇಳದ್ದರಿಂದ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಕೇಳಿದ.

"ಉಸಾರಿಲ್ಲ ಅಂತ ನಂಗ್ಯಾಕ್ ಏಳ್ಲಿಲ್ಲ?"

ಹಾಗೇನೂ ಇರಲಿಲ್ಲ, ಬೆಳಿಗ್ಗೆ ಚೆನ್ನಾಗಿಯೇ ಇದ್ದ ಎಂದು ಆಟೋ ಸ್ಟ್ಯಾಂಡಿನವರು ಕೂಗಿದರು, ನೆಂಟರು ಕೂಗಿದರು. ಅವನಿಗೆ ಬಾಯಿಗಳು ಆಡುವುದು ಕಾಣುತ್ತಿತ್ತು, ಅಷ್ಟೇ. ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವಾಗಲೂ ಕೇಳಿದ. ಅತ್ತಿಗೆ ಅಳು ನಿಲ್ಲಿಸಿ ಅವನ ಕಾಲು ಹಿಡಿದುಕೊಂಡು ಇಲ್ಲ ಮಾವ, ಇಲ್ಲ ಮಾವ ಎಂದಳು. ಅವನು ಅವಳ ತಲೆ ಸವರಿ, ಪಕ್ಕದವರ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿದ.

ತಿಥಿ ಮುಗಿದ ಮೇಲೆ ಅಪ್ಪನೇ ಆಶ್ರಮಕ್ಕೆ ಬಿಟ್ಟು ಬಾ ಎಂದ. ಅಲ್ಲಿ ವಾರ್ಡನ್ ಸುಮ್ಮನಿರಲಿಲ್ಲ. ಆ ದಿನ ಹಾಲಿನಲ್ಲಿ ನಡೆದದ್ದು ಅವರ ನಿದ್ದೆ ಕೆಡಿಸಿತ್ತಂತೆ. ಕೋಲಾರದ ಆಸ್ಪತ್ರೆಯೊಂದರಿಂದ ಕಿವಿ ಪರೀಕ್ಷೆ ಮಾಡುವ ಮೇಡಂ ಒಬ್ಬರನ್ನು ಕರೆಸಿದರು. ದೊಡ್ಡ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಮೊದಲು ಹೋಗುವುದೇ ಸ, ಶ, ಚ ಇಂಥ ಸಣ್ಣ ದನಿಗಳು, ಜೋರು ಮಾಡಿದಷ್ಟೂ ಮಾತು ಕಲಸಿಹೋಗುತ್ತದೆ ಎಂದು ಅವರು ನನಗೆ ತಿಳಿಸಿ ಹೇಳಿದರು. ಅಂಗೈಯಗಲದ ಒಂದು ಡಬ್ಬಿ ತಂದಿದ್ದರು. ಅದರ ಹೆಡ್‌ಫೋನನ್ನು ಕೇಳುವವರು ಹಾಕಿಕೊಳ್ಳಬೇಕು, ಮೈಕನ್ನು ಮಾತಾಡುವವರು ಬಾಯಿಯ ಹತ್ತಿರ ಹಿಡಿಯಬೇಕು. ಅಕ್ಕಪಕ್ಕದ ಗಲಾಟೆ ಒಳಗೆ ಬರುವುದು ಕಡಿಮೆ, ಹೇಳಿದ್ದು ಒಬ್ಬರ ಕಿವಿಗೆ ಮಾತ್ರ. ವಾರ್ಡನ್ ಹೇಗೋ ಮಾಡಿ ಅಂಥದ್ದೊಂದನ್ನು ಆಶ್ರಮಕ್ಕೆ ತರಿಸಿದರು.

ಮೊದಲ ಭಾನುವಾರ ಅಪ್ಪನ ಕಿವಿಗೆ ಅದನ್ನು ಹಾಕಿ, ಅಪ್ಪಾ ಕೇಳಿಸ್ತದಾ ಎಂದೆ. ಬೆಚ್ಚಿಬಿದ್ದು ನನ್ನ ಮುಖ ನೋಡಿದ. ನಿನ್ನ ದನಿ ನಿಮ್ಮಮ್ಮನ ದನಿಯಂತಾಗಿದೆ ಎಂದ. ಆಮೇಲೆ, ನಾನು ಹೆದರುತ್ತಿದ್ದ ಆ ಪ್ರಶ್ನೆ.

"ಅವ್ನಿಗ್ ಉಸಾರಿರ್ಲಿಲ್ವಾ? ನೀವೆಲ್ಲಾ ಏಳಿದ್ರೇನೋ, ನಂಗೇ ಕೇಳಿಸ್ಲಿಲ್ವೇನೋ."

ಇಷ್ಟು ದಿನ ಅವನು ಹೊತ್ತುಕೊಂಡಿದ್ದದ್ದು ಇದು. ಮಗ ನರಳುತ್ತಿದ್ದ, ಮನೆಯವರು ಹೇಳಿದರು, ತಾನು ತಲೆಯಾಡಿಸಿ ಬಾಳೆಹಣ್ಣು ತಿನ್ನುತ್ತಾ ಕೂತಿದ್ದೆ ಎಂದು.

"ಇಲ್ಲ ಕಣಪ್ಪ. ಅಣ್ಣ ಚೆನ್ನಾಗೇ ಇದ್ದ. ಯಾರಿಗೂ ಗೊತ್ತಿರ್ಲಿಲ್ಲ. ನಿಂಗೆ ಯಾರೂ ಏನೂ ಏಳಿರ್ಲಿಲ್ಲ."

ಎರಡು ಸಲ ಹೇಳಿಸಿಕೊಂಡ. ಮೂರನೆಯ ಸಲ ತಾನೇ ಮೆಲ್ಲಗೆ ಹೇಳಿಕೊಂಡ, ಯಾರೂ ಏಳಿರ್ಲಿಲ್ಲ ಎಂದು. ಆಮೇಲೆ ಅವನು ಅತ್ತ. ಮಣ್ಣಿನ ದಿನ ಅಳದಿದ್ದವನು ಆಗ ಅತ್ತ, ಹೆಡ್‌ಫೋನಿನಲ್ಲಿ ತನ್ನ ಅಳು ತನಗೇ ಕೇಳಿಸಿ ಗಾಬರಿಯಾಗಿ ಬಾಯಿಗೆ ಟವೆಲ್ಲು ಒತ್ತಿಕೊಂಡ.

ಅದರಿಂದ ಸಮಾಧಾನವಾಯಿತೆಂದು ಹೇಳಲಾರೆ. ಮುಂದಿನ ಭಾನುವಾರವೂ ಅದನ್ನೇ ಕೇಳಿದ, ಅದರ ಮುಂದಿನ ಭಾನುವಾರವೂ. ನಾನು ಅದೇ ಉತ್ತರ ಕೊಡುತ್ತೇನೆ. ಅತ್ತಿಗೆ ಬಂದಾಗ ಅವಳ ಬಾಯಿಂದಲೂ ಹೇಳಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಪಕ್ಕದ ಮಂಚದವರನ್ನು ನೋಡಲು ಮನೆಯವರು ಬಂದಿರುತ್ತಾರೆ, ಇರುವುದು ಒಂದೇ ಡಬ್ಬಿ. ಅಪ್ಪ ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಪಂಚೆಯಿಂದ ಒರೆಸಿ ಅವರ ಕೈಗೆ ಕೊಡುತ್ತಾನೆ. ರೈಲಿನ ಹೊತ್ತಾಗುವವರೆಗೆ ಅಪ್ಪನೂ ನಾನೂ ಪಕ್ಕಪಕ್ಕದಲ್ಲಿ ಕೂತಿರುತ್ತೇವೆ.