ಕುದುರೆ ಹೊಲಕ್ಕೆ ನನ್ನ ದನಿ

ಕಚ್ಚಾ ಎಣ್ಣೆಯ ಬೆಲೆ ಬಿದ್ದ ವರ್ಷಗಳಲ್ಲಿ ಮಸ್ಕತ್ತಿನ ನಮ್ಮ ಆಫೀಸಿನಲ್ಲಿ ಮೊದಲು ಖಾಲಿಯಾದದ್ದು ಕುರ್ಚಿಗಳು, ಆಮೇಲೆ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬೆಲೆ ಬಿದ್ದದ್ದು ಎಲ್ಲೋ ದೂರದ ಪೇಟೆಯಲ್ಲಿ, ಕೆಲಸ ಹೋದದ್ದು ನನ್ನ ಗಂಡನದು. ಅವರು ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು. ಮಸ್ಕತ್ತಿನ ರೂವಿ ಬಡಾವಣೆಯ ಇಂಜಿನಿಯರಿಂಗ್ ಕಚೇರಿಯೊಂದರಲ್ಲಿ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ನನ್ನ ಕೆಲಸ ಇನ್ನೂ ಉಳಿದಿತ್ತು. ಹಾಗಾಗಿ ನಾನೊಬ್ಬಳು ದಾರ್ಸೈಟಿನ ಫ್ಲ್ಯಾಟಿನಲ್ಲಿ ಉಳಿದೆ.

ಆಗ ಅಲ್ಲಿ ಇಂಟರ್ನೆಟ್ ಕರೆ ಹತ್ತುತ್ತಿರಲಿಲ್ಲ. ನಮ್ಮ ಸಂಸಾರವೆಲ್ಲ ಧ್ವನಿ ಸಂದೇಶದಲ್ಲೇ ನಡೆಯುತ್ತಿತ್ತು. "ಊಟ ಆತೇನ?" ಎಂದು ಗಂಡ ಕೇಳಿದ್ದು ನನ್ನ ಕಿವಿಗೆ ಬೀಳುವ ಹೊತ್ತಿಗೆ ಊಟ ಜೀರ್ಣವೂ ಆಗಿರುತ್ತಿತ್ತು. ಕೃಷ್ಣನ ಗುಡಿಗೆ ಹೋದರೆ ಗುರುತಿನವರು, "ನೀವ್ ಯಾವಾಗ ಹೊಂಟ್ರಿ?" ಎಂದೇ ಮಾತು ಶುರು ಮಾಡುತ್ತಿದ್ದರು. ಅದಕ್ಕೆ ಗುಡಿಗೆ ಹೋಗುವುದನ್ನೂ ಬಿಟ್ಟೆ. ರಜೆಯ ಶುಕ್ರವಾರ, ಶನಿವಾರ ಬಾಯಿ ತೆರೆಯುತ್ತಿದ್ದದ್ದು ತಿನ್ನುವುದಕ್ಕೆ ಮಾತ್ರ. ಭಾನುವಾರ ಕಾವಲಿನವನಿಗೆ ಸಲಾಂ ಹೇಳಲು ಹೋದರೆ ದನಿ ಕಟ್ಟಿರುತ್ತಿತ್ತು.

ನಮ್ಮ ಸಾಲಿನಲ್ಲಿ ಉಳಿದಿದ್ದ ಇನ್ನೊಬ್ಬರೆಂದರೆ ಸರ್ವೆ ವಿಭಾಗದ ಐರಿಶ್ ಮನುಷ್ಯ. ಅರವತ್ತು ದಾಟಿತ್ತು, ಹೆಂಡತಿ ಇರಲಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಗಿ ಬರೀ ಪಿಸುಮಾತು ಉಳಿದಿತ್ತು. ಊಟದ ಹೊತ್ತಿಗೆ ಅವರ ಕಂಪ್ಯೂಟರಿನಿಂದ ಮಾತ್ರ ಮುದುಕ ಮುದುಕಿಯರ ದನಿಗಳು ಜೋರಾಗಿ ಬರುತ್ತಿದ್ದವು. ಅದು ಇಂಗ್ಲಿಷೂ ಅಲ್ಲ, ಅರಬ್ಬಿಯೂ ಅಲ್ಲ. ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು. "ಯಾರ ಜೊತೆ ಜಗಳ ನಿಮ್ಮದು?" ಎಂದು ಕೇಳಿಯೇಬಿಟ್ಟೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿದರು.

ಅದು ಅವರ ಊರಿನ ಸುತ್ತಲಿನವರೇ ಸೇರಿ ಮಾಡಿದ ವೆಬ್‌ಸೈಟು. ಹಳೆಯ ಶಾಲೆಯ ಫೋಟೋಗಳು, ಗೋರಿಕಲ್ಲುಗಳ ಚಿತ್ರಗಳು, ಎಂದೋ ಟೇಪಿನಲ್ಲಿ ಹಿಡಿದಿಟ್ಟ ಹಿರಿಯರ ಮಾತು, ಎಲ್ಲ ಇದ್ದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ನಕ್ಷೆ. ನಕ್ಷೆ ನೋಡುವುದೇ ನನ್ನ ಹೊಟ್ಟೆಪಾಡು, ಆದರೆ ಮಾತಾಡುವ ನಕ್ಷೆಯನ್ನು ನಾನು ಕಂಡಿರಲಿಲ್ಲ. ಯಾವ ಹೊಲವನ್ನು ಒತ್ತಿದರೂ ಆ ಊರಿನ ಯಾರೋ ಒಬ್ಬರು ಐರಿಶ್ ಭಾಷೆಯಲ್ಲಿ ಅದರ ಹೆಸರು ಹೇಳುತ್ತಿದ್ದರು. ನಮ್ಮ ತಂದೆಯ ಊರಲ್ಲೂ ಬಾವಿ ಹೊಲ, ಹುಣಸಿ ಪಟ್ಟಿ ಎಂದೆಲ್ಲ ಇದ್ದವು. ಅವನ್ನು ಯಾರಾದರೂ ಹೀಗೆ ಕೂಡಿಟ್ಟಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಐರಿಶ್ ಹಿರಿಯರ ಮನೆಯ ಹೊಲಗಳ ಮೇಲೆ ಒತ್ತಿದರೆ ಮಾತ್ರ ಏನೂ ಕೇಳಿಸಲಿಲ್ಲ. ಆ ಜಮೀನನ್ನು ಅವರ ತಮ್ಮನೇ ಮಾರಿದ್ದ, ಕೊಂಡವನು ಬೇಲಿಗಳನ್ನೆಲ್ಲ ಕಿತ್ತು ಒಂದೇ ಹೊಲ ಮಾಡಿದ್ದ. ತಮ್ಮನೂ ತೀರಿಕೊಂಡಿದ್ದ. ಹಳೆಯ ಹೆಸರುಗಳು ಗೊತ್ತಿದ್ದದ್ದು ಇವರೊಬ್ಬರಿಗೆ. ಬರೆದು ಕಳಿಸಿದ್ದರು, ನಿಜ. ಆದರೆ ಬರೆದ ಹೆಸರನ್ನು ಮುಂದಿನವರು ಹೇಗೆ ಬೇಕಾದರೂ ಉಚ್ಚರಿಸಿಯಾರು ಎಂಬುದೇ ಅವರ ಕೊರಗು. ತಾವೇ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿದರು. ಬಾಗಿಲ ಸಂದಿಯಲ್ಲಿ ಗಾಳಿ ಹೊಕ್ಕಂತಿತ್ತು.

"ನಾನು ಹೇಳುತ್ತೇನೆ, ಕಲಿಸಿ," ಎಂದೆ. ಕರುಣೆಯಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಯಾರಾದರೂ ನನ್ನನ್ನು ಮಾತಾಡಿಸಲಿ ಎಂಬ ಹಸಿವು ಅದು.

ಊಟದ ಹೊತ್ತಿನಲ್ಲಿ ಪಾಠ ನಡೆಯಿತು. ಅವರು ಕಿವಿಯ ಹತ್ತಿರ ಪಿಸುಗುಡುವುದು, ನಾನು ಗಟ್ಟಿಯಾಗಿ ಹೇಳುವುದು. "ಗೊರ್ತ್ ನ ಗಪಲ್" ಅಂದರೆ ಕುದುರೆ ಹೊಲ. "ಪಾರ್ಕ್ ಅನ್ ತೊಬಿರ್" ಅಂದರೆ, ನೋಡಿ, ಬಾವಿ ಹೊಲವೇ! ಆದರೆ ಬಸ್ಸು, ಕಾರು ಎಂದು ಸಿಕ್ಕಿದ್ದಕ್ಕೆಲ್ಲ ಬಾಲ ಕಟ್ಟುವ ನಾಲಿಗೆ ನನ್ನದು. ಗಪಲ್ ಹೋಗಿ ಗಪಲು ಆಗುತ್ತಿತ್ತು. ಬಾಲ ಹುಟ್ಟುವ ಮೊದಲೇ ಅವರು ಬೆರಳಿನಿಂದ ಮೇಜಿಗೆ ಟಕ್ ಎಂದು ಬಡಿಯುತ್ತಿದ್ದರು. ನಾನು ಅಲ್ಲಿಗೇ ತುಟಿ ಬಿಗಿಹಿಡಿಯುತ್ತಿದ್ದೆ. ಮನೆಯಲ್ಲಿ ಅಭ್ಯಾಸ ಮಾಡಿ ಗಂಡನಿಗೂ ಒಂದು ಸಂದೇಶ ಕಳಿಸಿದೆ. "ಏನ ಇದು, ಮಂತ್ರ ಕಲಿಯಾಕತ್ತೀಯೇನ? ಹುಚ್ಚ ಹಿಡದ್ರ ಮೊದಲ ಹೇಳ, ಟಿಕೆಟ್ ತಗಸ್ತೀನಿ," ಎಂದು ಉತ್ತರ ಬಂತು. ಹಿಂದಿನಿಂದ ಮಗಳು, "ಅಮ್ಮಾ, ಯು ಸೌಂಡ್ ಹ್ಯಾಪಿ," ಎಂದಳು. ಅದನ್ನು ಮತ್ತೆ ಮತ್ತೆ ಕೇಳಿ ಅತ್ತೆ.

ಅಷ್ಟರಲ್ಲಿ ಐರಿಶ್ ಹಿರಿಯರಿಗೂ ಕೆಲಸ ಬಿಡುವ ನೋಟಿಸ್ ಬಂತು. ನಕ್ಷೆ ಸುರುಳಿಗಳ ಕೋಣೆಯಲ್ಲಿ ಸದ್ದು ಗಿಂವ್ ಎಂದು ಮಾರ್ದನಿಸುವುದಿಲ್ಲವೆಂದು ಅಲ್ಲಿ ಕೂತು ರೆಕಾರ್ಡ್ ಮಾಡಿದೆವು. ಏಸಿಯ ಗುಂಯ್‌ಗುಡುವಿಕೆ ಬೇಡವೆಂದು ಅದನ್ನೂ ಆರಿಸಿದೆವು. ಜೂನ್ ತಿಂಗಳು, ಇಬ್ಬರೂ ಬೆವೆತು ತೊಪ್ಪೆಯಾದೆವು. ನಡುವೆ ಮಸೀದಿಯ ಬಾಂಗು ಶುರುವಾಯಿತು, ಮುಗಿಯುವ ತನಕ ಸುಮ್ಮನೆ ಕಾದೆವು. ಕೊನೆಯ ಹೆಸರು ಮುಗಿದಾಗ ಅವರು, "ಖಲಾಸ್," ಎಂದು ಪಿಸುಗುಟ್ಟಿ ಕಣ್ಣೊರೆಸಿಕೊಂಡರು. ಬೆವರೂ ಇದ್ದೀತು.

ರೆಕಾರ್ಡ್ ಮಾಡಿದ್ದನ್ನು ವೆಬ್‌ಸೈಟಿನವರಿಗೆ ಕಳಿಸಿದ ಎರಡು ದಿನಕ್ಕೆ ಉತ್ತರ ಬಂತು. ವೆಬ್‌ಸೈಟು ನೋಡಿಕೊಳ್ಳುತ್ತಿದ್ದ ನಿವೃತ್ತ ಶಿಕ್ಷಕಿ ಬಹಳ ಮರ್ಯಾದೆಯಿಂದಲೇ ಬರೆದಿದ್ದರು: ಊರಿನವರ ದನಿಯೇ ಇರಬೇಕೆಂಬುದು ನಮ್ಮ ನಿಯಮ, ಕ್ಷಮಿಸಿ, ಮತ್ತೊಮ್ಮೆ ಎಲ್ಲರನ್ನೂ ಕೇಳಿ ನೋಡುತ್ತೇನೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತೆಂದು ಉಬ್ಬಿದ್ದ ನನಗೆ ಮುಖಕ್ಕೆ ಹೊಡೆದಂತಾಯಿತು. ಎಲ್ಲರನ್ನೂ ಕೇಳುವುದು ಅಂದರೆ ಏನೆಂದು ಆಫೀಸಿನಲ್ಲಿ ದುಡಿದ ಯಾರಿಗೆ ತಿಳಿಯದು? ಐರಿಶ್ ಹಿರಿಯರು ಮಾತ್ರ ಒಂದು ಊಟದ ಹೊತ್ತನ್ನೆಲ್ಲ ಕೂತು ವೆಬ್‌ಸೈಟಿನವರಿಗೆ ಏನೋ ಟೈಪ್ ಮಾಡಿ ಕಳಿಸಿದರು. ಏನು ಬರೆದಿರೆಂದು ನಾನು ಕೇಳಲಿಲ್ಲ, ಆ ಶಿಕ್ಷಕಿಯ ಮೇಲಿನ ಸಿಟ್ಟು ಇವರ ಮೇಲೂ ಸ್ವಲ್ಪ ತಿರುಗಿತ್ತು.

ಅವರು ಊರಿಗೆ ಹೊರಟ ದಿನ ಲಿಫ್ಟಿನ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಲಿಫ್ಟಿನ ಸದ್ದಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ ಎನ್ನಲು ಸಂಕೋಚವಾಯಿತು. ಬಾಗಿಲು ಮುಚ್ಚಿತು.

ಆಮೇಲಿನ ತಿಂಗಳುಗಳು ನನಗೆ ಬಹಳ ಕಷ್ಟವಾದವು. ಒಂಟಿತನ ರೂಢಿಯಾಗುತ್ತದೆ ಅನ್ನುವವರು ಒಂಟಿಯಾಗಿದ್ದವರಲ್ಲ. ಅವರಿಗೆ ಕಳಿಸಿದ ಮೇಲ್‌ಗೆ ಉತ್ತರ ಬರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬಳಿಗಾಗಿ ಅವಲಕ್ಕಿ ಒಗ್ಗರಣೆ ಹಾಕಿ, ಫೋನಿನಲ್ಲಿ ಸುಮ್ಮನೆ ಆ ನಕ್ಷೆ ತೆರೆದೆ. ಅವರ ಮನೆಯ ಹೊಲದ ಮೇಲೆ ಕೇಳಿಸುವ ಗುರುತು ಬಂದಿತ್ತು. ಒತ್ತಿದೆ. "ಗೊರ್ತ್ ನ ಗಪಲ್," ಎಂದಿತು ನನ್ನದೇ ದನಿ. ಅದರ ಬೆನ್ನಿಗೇ, ಟಕ್.

ಕೆಳಗೆ ಒಂದು ಸಾಲು ಬರೆದಿದ್ದರು. ಹೆಸರು ಹೇಳಿದವರು: ಮಸ್ಕತ್ತಿನ ಗೆಳತಿ, ಭಾರತದವರು. ಬೆರಳಿನ ಸದ್ದು: ದಿವಂಗತ, ಈ ಹೊಲದ ಮನೆಯ ಹಿರಿಯ ಮಗ.

ಬಾಣಲೆಯ ಕೆಳಗಿನ ಉರಿ ಆರಿಸಿದೆ. ಮತ್ತೆ ಒತ್ತಿ ಕೇಳಿದೆ, ಇನ್ನೊಮ್ಮೆ ಕೇಳಿದೆ. ಆಮೇಲೆ ಫೋನನ್ನು ಪಕ್ಕಕ್ಕಿಟ್ಟು, ಖಾಲಿ ಅಡುಗೆಮನೆಯಲ್ಲಿ ನಿಂತು, ಬೇಕೆಂದೇ ಬಾಲ ಸೇರಿಸಿ, "ಗೊರ್ತು ನ ಗಪಲು," ಎಂದು ಗಟ್ಟಿಯಾಗಿ ಹೇಳಿದೆ. ತಡೆಯುವವರು ಯಾರೂ ಇರಲಿಲ್ಲ.